ಕಸಿಯಾದ ಅಣ್ಣನ ಕಾಲಲ್ಲಿ ಗಂಟು, ಒಡೆದರೆ ಕೀವಲ್ಲ, ಎಣ್ಣೆ

ಕೃಷ್ಣೆಯ ದಡ (ಜಮಖಂಡಿ), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೇಳುತ್ತಿರುವುದು ನನ್ನ ಸಲುವಾಗಿ ಅಲ್ಲ, ಅಣ್ಣನ ಸಲುವಾಗಿ. ವಯಸ್ಸು 43. ಬನಹಟ್ಟಿಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡಿದ್ದಾನೆ. ಆರು ವರ್ಷಗಳ ಹಿಂದೆ ಅವ್ವ ತನ್ನ ಒಂದು ಕಿಡ್ನಿ ಕೊಟ್ಟು ಅವನನ್ನು ಉಳಿಸಿಕೊಂಡಳು. ಅಂದಿನಿಂದ ಗಡಿಯಾರ ನೋಡಿ ಗುಳಿಗೆ ನುಂಗುತ್ತಾನೆ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.3ರ ಆಸುಪಾಸಿನಲ್ಲೇ ನಿಂತಿದೆ.

ಹನ್ನೆರಡು ದಿನಗಳಿಂದ ಎರಡೂ ಕಾಲುಗಳ ಮೀನಖಂಡದಲ್ಲಿ, ಹರಡಿನ ಸುತ್ತ ಗಂಟುಗಳು ಎದ್ದಿವೆ. ಅಡಿಕೆಯಷ್ಟು ದಪ್ಪ, ಹಳೆಯ ಇಟ್ಟಿಗೆಯ ಬಣ್ಣ. ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಾನೆ. ಏಳು ಗಂಟುಗಳನ್ನು ಎಣಿಸಿದ್ದೇನೆ. ಅದರಲ್ಲಿ ಒಂದು ಮೊನ್ನೆ ತಾನಾಗಿಯೇ ಒಡೆಯಿತು. ಕೀವು ಬರಬಹುದು ಎಂದು ಹತ್ತಿ ಹಿಡಿದು ಕುಳಿತಿದ್ದೆ. ಬಂದದ್ದು ಕೀವಲ್ಲ. ಮಗ್ಗಕ್ಕೆ ಬಿಟ್ಟ ಎಣ್ಣೆ ಹಳತಾದ ಮೇಲೆ ಹೇಗಿರುತ್ತದೆಯೋ ಹಾಗೆ ಕಂದು ಬಣ್ಣದ ಜಿಡ್ಡು. ವಾಸನೆಯೇ ಇಲ್ಲ. ಧೋತರಕ್ಕೆ ಹತ್ತಿದ ಕಲೆ ಎರಡು ಸಲ ಒಗೆದರೂ ಹೋಗಲಿಲ್ಲ.

ಓಣಿಯ ಔಷಧಿ ಅಂಗಡಿಯವರು ಐದು ದಿನಕ್ಕೆ ನೋವಿನ ಗುಳಿಗೆ ಮತ್ತು ಒಂದು ಆ್ಯಂಟಿಬಯಾಟಿಕ್ ಕೊಟ್ಟರು. ನೋವು ಸ್ವಲ್ಪ ತಗ್ಗಿತು, ಗಂಟು ಹಾಗೇ ಇದೆ. ನಾಳೆಯೇ ಬೆಳಗಾವಿಗೆ ಕರೆದುಕೊಂಡು ಹೋಗಬೇಕೋ, ಮುಂದಿನ ತಿಂಗಳ ತಪಾಸಣೆಯವರೆಗೆ ತಡೆಯಬಹುದೋ? ಅಣ್ಣನದು ಒಂದೇ ಮಾತು: "ಜ್ವರವಿಲ್ಲ, ಹೊಟ್ಟೆನೋವಿಲ್ಲ, ಮೂತ್ರ ಸರಿಯಾಗಿ ಹೋಗುತ್ತಿದೆ. ಕಾಲಿಗೆ ಯಾಕೆ ಇಷ್ಟು ಗದ್ದಲ?"

ಘಟಪ್ರಭಾ ಗಾಳಿ (ಗೋಕಾಕ), ಭಾನುವಾರ ರಾತ್ರಿ 10:05

ಅಕ್ಕಾ, ಹೆದರಬೇಡಿ. ದಿನವಿಡೀ ಮಗ್ಗದ ಮುಂದೆ ನಿಲ್ಲುವವರಿಗೆ ಕಾಲು ಬಾಯುವುದು ಹೊಸದಲ್ಲ. ಬೇವಿನ ಎಲೆ, ಅರಿಶಿನ ಅರೆದು ಹಚ್ಚಿ. ನಮ್ಮ ಕಾಕಾನಿಗೂ ಹರಡಿನಲ್ಲಿ ಹೀಗೆಯೇ ಕೆಂಪಾಗಿ ಉಬ್ಬಿತ್ತು. ಅದು ಯೂರಿಕ್ ಆಮ್ಲ ಎಂದು ಗೊತ್ತಾಯಿತು. ಅಲೋಪ್ಯೂರಿನಾಲ್ ಎಂಬ ಗುಳಿಗೆ ಕೊಟ್ಟರು, ದುಬಾರಿಯೂ ಅಲ್ಲ. ಈಗ ಆರಾಮವಾಗಿ ಹೊಲಕ್ಕೆ ಹೋಗಿ ಬರುತ್ತಾರೆ. ಕಿಡ್ನಿ ಹಾಕಿಸಿಕೊಂಡವರಿಗೆ ಯೂರಿಕ್ ಆಮ್ಲ ಏರುತ್ತದೆ ಎಂದೂ ಕೇಳಿದ್ದೇನೆ. ಒಮ್ಮೆ ಶುರು ಮಾಡಿ ನೋಡಿ.

ಅಂಗಡಿಯ ಗಲ್ಲೆಯಿಂದ (ಮುಧೋಳ), ಭಾನುವಾರ ರಾತ್ರಿ 10:11

ಟೀಚರ್ ಅಕ್ಕಾ, ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಇಪ್ಪತ್ತೆರಡು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಮೊದಲು ಇಷ್ಟು ಹೇಳಿ: ನಿಮ್ಮ ಅಣ್ಣ ಈಗ ನುಂಗುತ್ತಿರುವ ಪ್ರತಿಯೊಂದು ಗುಳಿಗೆಯ ಹೆಸರೇನು? ಹಾಳೆ ನೋಡಿ ಬರೆಯಬೇಡಿ, ಡಬ್ಬಿ ತೆರೆದು ನೋಡಿ ಬರೆಯಿರಿ.

ಕೃಷ್ಣೆಯ ದಡ, ಭಾನುವಾರ ರಾತ್ರಿ 10:32

ನೋಡಿದೆ ಸರ್. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ಕೊಟ್ಟವು ಮೂರು: ಟ್ಯಾಕ್ರೋಲಿಮಸ್ ಎರಡು ಹೊತ್ತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 5 ಮಿ.ಗ್ರಾಂ. ಅಜಾಥಿಯೋಪ್ರಿನ್ 75 ಮಿ.ಗ್ರಾಂ. ಒಂದು ಬಿ.ಪಿ. ಗುಳಿಗೆ. ಮೊದಲು ಮೈಕೋಫೆನೊಲೇಟ್ ಇತ್ತು. ಭೇದಿ ನಿಲ್ಲುತ್ತಲೇ ಇರಲಿಲ್ಲವಾದ್ದರಿಂದ ನಾಲ್ಕು ವಾರಗಳ ಹಿಂದೆ ಅದನ್ನು ಬಿಡಿಸಿ ಅಜಾಥಿಯೋಪ್ರಿನ್ ಕೊಟ್ಟರು. ಅಂಗಡಿಯಲ್ಲಿ ಕೊಟ್ಟ ನೋವಿನ ಗುಳಿಗೆಯ ಮೇಲೆ ಡೈಕ್ಲೋಫೆನಾಕ್ ಎಂದಿದೆ.

ಅಂಗಡಿಯ ಗಲ್ಲೆಯಿಂದ, ಭಾನುವಾರ ರಾತ್ರಿ 10:50

ಅಂದುಕೊಂಡದ್ದೇ ಆಯಿತು. ಎರಡು ಮಾತು.

ಅಜಾಥಿಯೋಪ್ರಿನ್ ನುಂಗುವವರಿಗೆ ಅಲೋಪ್ಯೂರಿನಾಲ್ ಕೊಟ್ಟರೆ, ಅಜಾಥಿಯೋಪ್ರಿನ್ ದೇಹದಲ್ಲಿ ಕರಗಿ ಹೋಗುವ ದಾರಿಯೊಂದು ಮುಚ್ಚಿಬಿಡುತ್ತದೆ. ಕೊಟ್ಟದ್ದು 75 ಆದರೂ ದೇಹಕ್ಕೆ ಅದರ ಹಲವು ಪಟ್ಟು ಕೊಟ್ಟ ಹಾಗೆ. ಮೂಳೆಯ ಮಜ್ಜೆ ಸೋತು ಬಿಳಿ ರಕ್ತಕಣಗಳು ಕುಸಿಯುತ್ತವೆ. ಘಟಪ್ರಭಾ ತಮ್ಮಾ, ನಿಮ್ಮ ಕಾಕಾನಿಗೆ ಅಮೃತವಾದದ್ದು ಈ ಮನುಷ್ಯನಿಗೆ ವಿಷವಾಗುತ್ತಿತ್ತು. ಬೈಯುತ್ತಿಲ್ಲ, ಆದರೆ ಗುಳಿಗೆಯ ಹೆಸರನ್ನು ಹೀಗೆ ಮಿಠಾಯಿ ಹಂಚಿದ ಹಾಗೆ ಹಂಚಬೇಡಿ.

ಎರಡನೆಯದು ಡೈಕ್ಲೋಫೆನಾಕ್. ಇಂಥ ನೋವಿನ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಟ್ಯಾಕ್ರೋಲಿಮಸ್ ಕೂಡ ಅದನ್ನೇ ಮಾಡುತ್ತದೆ. ಇರುವುದು ಅವ್ವ ಕೊಟ್ಟ ಒಂದೇ ಕಿಡ್ನಿ. ಇವತ್ತೇ ನಿಲ್ಲಿಸಿ. ಕಸಿಯ ಗುಳಿಗೆಗಳನ್ನು ಮಾತ್ರ ನೀವಾಗಿ ಒಂದನ್ನೂ ನಿಲ್ಲಿಸಬೇಡಿ, ಅದನ್ನು ನಿಮ್ಮ ವೈದ್ಯರೇ ಹೇಳಬೇಕು. ರಾತ್ರಿಯೇ ಕಸಿ ವಿಭಾಗಕ್ಕೆ ಫೋನ್ ಮಾಡಿ. ನಮ್ಮ ಕಸುಬಿನವರು "ಕಸಿ ಆಗಿದೆಯೇ" ಎಂದು ಒಂದು ಮಾತು ಕೇಳದೆ ಗುಳಿಗೆ ಕೊಟ್ಟದ್ದಕ್ಕೆ ನನಗೇ ನಾಚಿಕೆಯಾಗುತ್ತಿದೆ.

ಎರಡನೇ ಜನ್ಮ (ಬೆಳಗಾವಿ), ಭಾನುವಾರ ರಾತ್ರಿ 11:15

ನಾನೂ ಕಸಿಯವನೇ, ಹನ್ನೊಂದು ವರ್ಷವಾಯಿತು. ತಂಗೀ, ನಾಳೆಯೇ ಹೊರಡಿ. ಮುಂದಿನ ತಿಂಗಳ ಮಾತು ಬೇಡ.

ಬೆಳಗಿನ ಟ್ಯಾಕ್ರೋಲಿಮಸ್ ನುಂಗಿಸಿಕೊಂಡು ಬರಬೇಡಿ, ಕೈಯಲ್ಲಿ ಇಟ್ಟುಕೊಂಡು ಬನ್ನಿ. ರಕ್ತದಲ್ಲಿ ಅದರ ಮಟ್ಟ ನೋಡುವುದಿದ್ದರೆ ಗುಳಿಗೆ ನುಂಗುವ ಮೊದಲೇ ರಕ್ತ ತೆಗೆಯಬೇಕು. ತೆಗೆದ ಕೂಡಲೇ ಅಲ್ಲಿಯೇ ನುಂಗಿಸಿ. ಹಳೆಯ ವರದಿಗಳ ಕಡತ, ಅಂಗಡಿಯವರು ಕೊಟ್ಟ ಗುಳಿಗೆಯ ಖಾಲಿ ಪಟ್ಟಿ ಎರಡನ್ನೂ ತನ್ನಿ. ಆ ಕಲೆಯಾದ ಧೋತರ ಒಗೆಯದೆ ಉಳಿದಿದ್ದರೆ ಅದನ್ನೂ ತನ್ನಿ, ನಗಬೇಡಿ.

ನನ್ನ ಕಾಲಿನಲ್ಲಿಯೂ ನಾಲ್ಕು ವರ್ಷಗಳ ಹಿಂದೆ ಒಂದು ಗಂಟು ಎದ್ದಿತ್ತು. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದ್ದನ್ನು ಮರೆತೇಬಿಟ್ಟಿದ್ದೆ. ಕತ್ತರಿಸಿ ನೋಡಿದರೆ ಒಳಗೆ ಮಣ್ಣಿನ ಕಪ್ಪು ಶಿಲೀಂಧ್ರ ಮನೆ ಮಾಡಿಕೊಂಡಿತ್ತು. ರೋಗನಿರೋಧಕ ಶಕ್ತಿಯನ್ನು ಗುಳಿಗೆ ನುಂಗಿ ನಾವೇ ಮಲಗಿಸಿರುತ್ತೇವೆ. ಅದಕ್ಕೇ ನಮ್ಮಲ್ಲಿ ಜ್ವರವೂ ಬರುವುದಿಲ್ಲ, ನೋವೂ ಸರಿಯಾಗಿ ಹೇಳುವುದಿಲ್ಲ. "ಜ್ವರವಿಲ್ಲ" ಎಂಬ ಮಾತಿಗೆ ನಮ್ಮಂಥವರ ವಿಷಯದಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ.

ಗುಮ್ಮಟದ ನೆರಳು (ವಿಜಯಪುರ), ಸೋಮವಾರ ಬೆಳಿಗ್ಗೆ 6:20

ಚರ್ಮರೋಗ ವೈದ್ಯೆ ನಾನು. ಕಣ್ಣಿಂದ ನೋಡದೆ ರೋಗದ ಹೆಸರು ಹೇಳುವುದಿಲ್ಲ. ಆದರೆ ಒಂದು ವಾಕ್ಯ ಓದಿ ಎದ್ದು ಕುಳಿತೆ: ಕೀವಲ್ಲ, ಕಂದು ಎಣ್ಣೆ, ವಾಸನೆಯಿಲ್ಲ.

ಕಾಲಿನಲ್ಲಿ ನೋವಿನ ಕೆಂಪು ಗಂಟು ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಎರಿಥೀಮಾ ನೋಡೋಸಮ್. ಅದು ಸಾಮಾನ್ಯವಾಗಿ ಮೊಣಕಾಲ ಕೆಳಗೆ ಮುಂಭಾಗದ ಎಲುಬಿನ ಮೇಲೆ ಏಳುತ್ತದೆ, ಒಡೆಯುವುದಿಲ್ಲ. ಕ್ಷಯಕ್ಕೆ ಸಂಬಂಧಿಸಿದ ಇನ್ನೊಂದು ಬಗೆ ಮೀನಖಂಡದಲ್ಲಿ ಎದ್ದು ಒಡೆದು ಹುಣ್ಣಾಗುತ್ತದೆ. ಕಸಿಯಾದವರಲ್ಲಿ ಇವೆರಡರ ಜೊತೆಗೆ ಶಿಲೀಂಧ್ರ, ಕ್ಷಯದ ಜಾತಿಯ ಬೇರೆ ಬ್ಯಾಕ್ಟೀರಿಯಾಗಳು, ನೋಕಾರ್ಡಿಯಾ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ. ಇಷ್ಟೂ ಜನರನ್ನು ದಾಟಿ ಸಾಲಿನ ಕೊನೆಯಲ್ಲಿ ಒಬ್ಬ ಸುಮ್ಮನೆ ನಿಂತಿರುತ್ತಾನೆ. ಅವನು ಚರ್ಮದವನೇ ಅಲ್ಲ, ಹೊಟ್ಟೆಯವನು. ಮೇದೋಜೀರಕ ಗ್ರಂಥಿ.

ಈ ಗ್ರಂಥಿ ಕೊಬ್ಬನ್ನು ಕರಗಿಸುವ ಲೈಪೇಸ್, ಪಿಷ್ಟವನ್ನು ಒಡೆಯುವ ಅಮೈಲೇಸ್, ಮಾಂಸಾಂಶವನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವಗಳನ್ನು ಕರುಳಿಗೆ ಸುರಿಯುತ್ತದೆ. ಗ್ರಂಥಿಗೆ ಉರಿಯೂತ ಬಂದಾಗ ಅವು ದಾರಿ ತಪ್ಪಿ ರಕ್ತಕ್ಕೆ ನುಗ್ಗುತ್ತವೆ. ರಕ್ತ ಹೋದಲ್ಲೆಲ್ಲ ಲೈಪೇಸ್ ಹೋಗುತ್ತದೆ, ಚರ್ಮದಡಿಯ ಕೊಬ್ಬಿನ ಪದರ ಸಿಕ್ಕಿದರೆ ಅದನ್ನೇ ಊಟದ ಕೊಬ್ಬೆಂದು ತಿಳಿದು ಜೀರ್ಣಿಸತೊಡಗುತ್ತದೆ. ಸತ್ತ ಕೊಬ್ಬು ದ್ರವವಾಗಿ ಹೊರಗೆ ಬರುತ್ತದೆ. ನಿಮ್ಮ ಧೋತರದ ಕಲೆ ಅದೇ ಇರಬಹುದು. ಮೇದೋಜೀರಕದ ಪ್ಯಾನಿಕ್ಯುಲೈಟಿಸ್ ಎಂದು ಇದರ ಹೆಸರು. 1883ರಲ್ಲಿ ಹಾನ್ಸ್ ಕಿಯಾರಿ ಎಂಬ ಆಸ್ಟ್ರಿಯಾದ ರೋಗಶಾಸ್ತ್ರಜ್ಞ ಇದನ್ನು ಮೊದಲು ವಿವರಿಸಿದ. ಮೇದೋಜೀರಕದ ಕಾಯಿಲೆ ಇರುವವರಲ್ಲಿಯೂ ನೂರಕ್ಕೆ ಎರಡು ಮೂರು ಮಂದಿಗಿಂತ ಹೆಚ್ಚು ಜನರಲ್ಲಿ ಕಾಣುವುದಿಲ್ಲ. ನನ್ನ ವೃತ್ತಿಯಲ್ಲಿ ಮೂರನ್ನು ಕಂಡಿದ್ದೇನೆ. ಮೊದಲನೆಯದನ್ನು ಗುರುತಿಸಲಿಲ್ಲ.

"ಹೊಟ್ಟೆನೋವಿಲ್ಲ" ಎಂದು ಅಣ್ಣ ಹೇಳುತ್ತಾನಲ್ಲ, ಮೋಸ ಅಲ್ಲಿಯೇ ಇದೆ. ಈ ಗಂಟುಗಳು ಹೊಟ್ಟೆಯ ಲಕ್ಷಣಕ್ಕಿಂತ ವಾರಗಳ ಮೊದಲು, ಕೆಲವರಲ್ಲಿ ತಿಂಗಳುಗಳ ಮೊದಲೇ ಏಳಬಹುದು. ಅದರ ಮೇಲೆ ದಿನವೂ ನುಂಗುವ ಸ್ಟೀರಾಯ್ಡ್ ಹೊಟ್ಟೆಯ ನೋವನ್ನು ಮುಸುಕು ಹಾಕಿ ಕೂರಿಸುತ್ತದೆ.

ಕಸಿಯಾದವರ ಮೇದೋಜೀರಕ ಕೆರಳಲು ಕಾರಣಗಳು ಬೇಕಷ್ಟಿವೆ. ಅಜಾಥಿಯೋಪ್ರಿನ್ ಅದರಲ್ಲಿ ಹೆಸರುವಾಸಿ. ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿಯೇ ಈ ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚು. ನಿಮ್ಮ ಲೆಕ್ಕ ನಾಲ್ಕು ವಾರ. ಸಿರೋಲಿಮಸ್ ಎಂಬ ಇನ್ನೊಂದು ಕಸಿಯ ಗುಳಿಗೆ ನುಂಗುವವರಲ್ಲಿ ರಕ್ತದ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್ ಏರುತ್ತದೆ, ಅದು 1000 ದಾಟಿದರೆ ಗ್ರಂಥಿ ಉರಿಯತೊಡಗಬಹುದು. ಅಂಥವರ ಮೊಣಕೈ, ಪೃಷ್ಠಗಳ ಮೇಲೆ ಸಾಸಿವೆಯಿಂದ ಹೆಸರುಕಾಳಿನಷ್ಟು ಹಳದಿ ಗುಳ್ಳೆಗಳು ಗುಂಪಾಗಿ ಏಳುತ್ತವೆ, ಅದೂ ಚರ್ಮ ಬರೆದ ಪತ್ರವೇ. ಸೈಟೋಮೆಗಲೋ ವೈರಸ್ ಇನ್ನೊಂದು ಕಾರಣ. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿ ಹಟ ಹಿಡಿದು ಕ್ಯಾಲ್ಸಿಯಂ ಏರಿಸುತ್ತದೆ, ಅದೂ ಒಂದು.

ಕೇಳಬೇಕಾದ ಪರೀಕ್ಷೆಗಳು: ಲೈಪೇಸ್, ಅಮೈಲೇಸ್, ಟ್ರೈಗ್ಲಿಸರೈಡ್, ಕ್ಯಾಲ್ಸಿಯಂ. ಕಿಡ್ನಿ ಕುಂದಿದವರಲ್ಲಿ ಲೈಪೇಸ್ ಗ್ರಂಥಿಯ ರೋಗವಿಲ್ಲದೆಯೂ ಸ್ವಲ್ಪ ಏರಿರುತ್ತದೆ. ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ಆಗ ಮಾತು ಬೇರೆ.

ಬಯಾಪ್ಸಿ ಖಂಡಿತ ಬೇಕು, ಅದೂ ಆಳವಾಗಿ. ರೋಗ ಇರುವುದು ಚರ್ಮದ ಕೆಳಗಿನ ಕೊಬ್ಬಿನಲ್ಲಿ. ಮೇಲೆ ಮೇಲೆ ಗುಂಡಗೆ ಕೊರೆದು ಕಳಿಸಿದರೆ ಬದನೆಕಾಯಿಯ ಸಿಪ್ಪೆ ನೋಡಿ ಒಳಗೆ ಹುಳ ಇಲ್ಲ ಎಂದ ಹಾಗೆ. ಹೊಸ ಗಂಟೊಂದನ್ನು ಆರಿಸಿ ಉದ್ದಕ್ಕೆ, ಕೊಬ್ಬು ಸೇರಿಸಿ ತೆಗೆಯಬೇಕು. ಅರ್ಧ ತುಣುಕು ಸೂಕ್ಷ್ಮದರ್ಶಕಕ್ಕೆ, ಇನ್ನರ್ಧ ಬ್ಯಾಕ್ಟೀರಿಯಾ, ಶಿಲೀಂಧ್ರ, ಕ್ಷಯದ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಅಂದಾಜಿನ ಮೇಲೆ ಕ್ಷಯದ ಔಷಧಿ ಶುರು ಮಾಡಿದರೆ ಅದರಲ್ಲಿನ ರಿಫಾಂಪಿಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ನೆಲಕ್ಕಿಳಿಸಿ ದೇಹ ಕಿಡ್ನಿಯನ್ನೇ ತಿರಸ್ಕರಿಸಬಹುದು. ಅಂದಾಜಿನ ಮೇಲೆ ಸ್ಟೀರಾಯ್ಡ್ ಏರಿಸಿದರೆ, ಒಳಗಿರುವುದು ಶಿಲೀಂಧ್ರವಾಗಿದ್ದರೆ, ಅದಕ್ಕೆ ಹಬ್ಬ.

ನಿರ್ವಾಹಕ ಬಳಗ, ಸೋಮವಾರ ಬೆಳಿಗ್ಗೆ 8:00

ಈ ಎಳೆಯಲ್ಲಿ ಹಾಕಿದ್ದ ಎರಡು ಚಿತ್ರಗಳನ್ನು ಅಳಿಸಿದ್ದೇವೆ. ಒಂದರಲ್ಲಿ ವರದಿಯ ಮೇಲಿನ ಹೆಸರು, ದೂರವಾಣಿ ಸಂಖ್ಯೆ ಕಾಣುತ್ತಿತ್ತು. ಕಾಲಿನ ಚಿತ್ರ ಮಾತ್ರ ಮತ್ತೆ ಹಾಕಬಹುದು.

ಘಟಪ್ರಭಾ ಗಾಳಿ, ಸೋಮವಾರ ಬೆಳಿಗ್ಗೆ 8:45

ಅಲೋಪ್ಯೂರಿನಾಲ್ ವಿಷಯಕ್ಕೆ ಕ್ಷಮೆ ಇರಲಿ, ಗಲ್ಲೆಯ ಸರ್. ಗೊತ್ತಿರಲಿಲ್ಲ. ಆದರೆ ಡಾಕ್ಟರ್ ಅಕ್ಕಾ, ಒಂದು ಸಂಶಯ. ಲೈಪೇಸ್ ರಕ್ತದಲ್ಲಿ ಊರೆಲ್ಲ ತಿರುಗುವುದಾದರೆ ಕಾಲಿಗೇ ಏಕೆ ಇಳಿಯಬೇಕು? ಹೊಟ್ಟೆಯಲ್ಲಿ ಕೊಬ್ಬು ಕಡಿಮೆಯೇ? ನನ್ನನ್ನು ನೋಡಿದರೆ ಗೊತ್ತಾಗುತ್ತದೆ.

ಗುಮ್ಮಟದ ನೆರಳು, ಸೋಮವಾರ ಮಧ್ಯಾಹ್ನ 1:30

ಒಳ್ಳೆಯ ಪ್ರಶ್ನೆ. ಹೊಟ್ಟೆ, ತೋಳು, ಎದೆಯ ಮೇಲೂ ಏಳುತ್ತವೆ, ಆದರೆ ಕಾಲೇ ಹೆಚ್ಚು. ಕಾಲಿನಲ್ಲಿ ರಕ್ತ ನಿಧಾನವಾಗಿ ಮೇಲೇರುತ್ತದೆ, ಅಲ್ಲಿನ ಸಣ್ಣ ನಾಳಗಳ ಒತ್ತಡ ಹೆಚ್ಚು, ಕಿಣ್ವ ಹೊರಗೆ ಸೋರಲು ಸುಲಭ ಎನ್ನುವುದು ಒಂದು ವಿವರಣೆ. ಅಷ್ಟರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ಲೈಪೇಸ್ ಸಾವಿರಗಟ್ಟಲೆ ಇದ್ದರೂ ಒಂದು ಗಂಟೂ ಏಳದವರು ಇದ್ದಾರೆ. ಹಾಗೆ ನೋಡಿದರೆ ದಿನವಿಡೀ ನಿಂತು ದುಡಿಯುವವರ ಕಾಲು ಎಂಬ ನಿಮ್ಮ ಮೊದಲ ಮಾತು ಪೂರ್ತಿ ಸುಳ್ಳಲ್ಲ.

ಹೊಟ್ಟೆಯ ಮೇಲಿನ ಗುರುತುಗಳೇ ಬೇರೆ. ಗ್ರಂಥಿ ಕೊಳೆತು ಒಳಗೆ ರಕ್ತ ಸೋರಿದರೆ ಹೊಕ್ಕುಳ ಸುತ್ತ ನೀಲಿಗಟ್ಟುತ್ತದೆ, ಅದು ಕಲನ್ ಗುರುತು. ಪಕ್ಕೆಯಲ್ಲಿ ನೀಲಿಗಟ್ಟಿದರೆ ಗ್ರೇ ಟರ್ನರ್ ಗುರುತು, 1920ರದು. ತಮಾಷೆ ಎಂದರೆ ಕಲನ್ 1918ರಲ್ಲಿ ಹೊಕ್ಕುಳ ಗುರುತನ್ನು ಬರೆದದ್ದು ಮೇದೋಜೀರಕದ ರೋಗಿಯನ್ನು ನೋಡಿ ಅಲ್ಲ, ಗರ್ಭಕೋಶದ ಹೊರಗೆ ಗರ್ಭ ನಿಂತು ಒಡೆದ ಹೆಂಗಸನ್ನು ನೋಡಿ. ಇವು ಕಂಡವೆಂದರೆ ರೋಗ ತೀವ್ರವಾಗಿದೆ ಎಂದರ್ಥ, ಆಗ ವೇದಿಕೆಯಲ್ಲಿ ಕೇಳುತ್ತ ಕೂರಬಾರದು.

ಟಿಳಕವಾಡಿ ರಸಾಯನ (ಬೆಳಗಾವಿ), ಸೋಮವಾರ ಸಂಜೆ 6:10

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವನು, ಈಗ ನಿವೃತ್ತ. ವೈದ್ಯಕೀಯ ಗೊತ್ತಿಲ್ಲ, ಆದರೆ ಈ ಕಥೆಯೊಳಗೆ ನನ್ನ ಪಾಠವೊಂದು ಅಡಗಿದೆ, ಹೇಳದೆ ಇರಲಾರೆ.

ಚರ್ಮದಡಿಯ ಕೊಬ್ಬು ಎಂದರೆ ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಬಾಲದ ಹಾಗೆ ಅಂಟಿರುತ್ತವೆ. ಲೈಪೇಸ್ ಆ ಬಾಲಗಳನ್ನು ಕತ್ತರಿಸುತ್ತದೆ. ಬಿಡುಗಡೆಯಾದ ಆಮ್ಲಗಳು ಅಲ್ಲಿಯೇ ಇರುವ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಾಗುತ್ತವೆ. ನಿಜವಾಗಿಯೂ ಸಾಬೂನು! ಆದರೆ ನೀರಿನಲ್ಲಿ ಕರಗದ ಸಾಬೂನು. ಬಾಗಲಕೋಟೆ, ವಿಜಯಪುರದ ಕಡೆ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸ್ನಾನ ಮಾಡಿದವರಿಗೆ ಇದರ ಪರಿಚಯವಿದೆ. ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಆ ಕೆನೆ ಕ್ಯಾಲ್ಸಿಯಂ ಸಾಬೂನು. ಅದೇ ಕೆನೆ ಮನುಷ್ಯನ ಮೀನಖಂಡದೊಳಗೆ ಕಟ್ಟುತ್ತಿದೆ. ಮೂವತ್ತು ವರ್ಷ ಸಾಬೂನಿನ ಪಾಠ ಮಾಡಿದ್ದೇನೆ, ಈ ಉದಾಹರಣೆ ಕೈಗೆ ಸಿಕ್ಕಿರಲಿಲ್ಲ.

ಗುಮ್ಮಟದ ನೆರಳು, ಸೋಮವಾರ ರಾತ್ರಿ 8:05

ಸರ್, ಗ್ರಂಥಿಯ ಉರಿಯೂತ ಜೋರಾಗಿದ್ದಾಗ ಹೊಟ್ಟೆಯೊಳಗಿನ ಕೊಬ್ಬಿನಲ್ಲಿಯೂ ಇದೇ ನಡೆಯುತ್ತದೆ. ಸಾಬೂನಿಗೆ ಕ್ಯಾಲ್ಸಿಯಂ ಖರ್ಚಾಗಿ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಅದಕ್ಕೇ ಕ್ಯಾಲ್ಸಿಯಂ ಪರೀಕ್ಷೆಯನ್ನು ಪಟ್ಟಿಯಲ್ಲಿ ಬರೆದದ್ದು. ಹೆಚ್ಚಿದ್ದರೆ ಅದು ಕಾರಣ, ಕಡಿಮೆಯಿದ್ದರೆ ಪರಿಣಾಮ.

ಕೃಷ್ಣೆಯ ದಡ, ಮಂಗಳವಾರ ರಾತ್ರಿ 9:25

ಬೆಳಗಾವಿಯ ದವಾಖಾನೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಿನ್ನೆ ದಾಖಲು ಮಾಡಿಕೊಂಡರು. ಲೈಪೇಸ್ 1,840 ಬಂದಿದೆ, ಪ್ರಯೋಗಾಲಯದ ಮೇಲ್ಮಿತಿ 60. ಟ್ರೈಗ್ಲಿಸರೈಡ್ 260, ಕ್ಯಾಲ್ಸಿಯಂ 8.6. ಕ್ರಿಯಾಟಿನಿನ್ ಮಾತ್ರ 1.3 ಇದ್ದದ್ದು 1.7 ಆಗಿದೆ. ಅದು ಡೈಕ್ಲೋಫೆನಾಕ್ ಮಾಡಿದ ಕೆಲಸ ಎಂದರು. ಅಜಾಥಿಯೋಪ್ರಿನ್ ನಿನ್ನೆ ಸಂಜೆಯೇ ನಿಲ್ಲಿಸಿದರು.

ಬಯಾಪ್ಸಿಗೆ ಬಂದ ಚಿಕ್ಕ ವಯಸ್ಸಿನ ವೈದ್ಯರು ಮೊದಲು ಗುಂಡಗಿನ ಸಣ್ಣ ಉಪಕರಣ ತೆಗೆದರು. ನಾನು ಹೆದರಿಕೊಂಡೇ "ಸರ್, ಕೊಬ್ಬಿನವರೆಗೂ ತೆಗೆಯುತ್ತೀರಾ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. "ನೀವು ನರ್ಸಾ?" ಎಂದರು. ಅಲ್ಲ, ಮೂರನೇ ತರಗತಿಗೆ ಲೆಕ್ಕ ಕಲಿಸುತ್ತೇನೆ ಎಂದೆ. ಹಿರಿಯರಿಗೆ ಫೋನ್ ಮಾಡಿ ಬಂದು ಬ್ಲೇಡಿನಿಂದ ಉದ್ದಕ್ಕೆ ತೆಗೆದರು. ಎರಡು ಬಾಟಲಿಗೆ ಹಾಕಿದರು, ಒಂದರಲ್ಲಿ ಫಾರ್ಮಾಲಿನ್, ಇನ್ನೊಂದರಲ್ಲಿ ಸಲೈನ್.

ಇನ್ನೊಂದು ವಿಷಯ. ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹುಡುಕಿದೆ. ಈ ಗಂಟು ಎಂದರೆ ಮೇದೋಜೀರಕದ ಕ್ಯಾನ್ಸರ್ ಎಂದು ಬರೆದಿದೆ. ಅಣ್ಣನಿಗೆ ಹೇಳಿಲ್ಲ. ಅವ್ವನಿಗಂತೂ ಹೇಳುವ ಮಾತೇ ಇಲ್ಲ.

ಗುಮ್ಮಟದ ನೆರಳು, ಮಂಗಳವಾರ ರಾತ್ರಿ 9:50

ಮಗಳೇ, ಅರ್ಧ ನಿಜ ಓದಿದ್ದೀಯ. ಮೇದೋಜೀರಕದ ಒಂದು ವಿರಳ ಬಗೆಯ ಕ್ಯಾನ್ಸರಿನಲ್ಲಿ, ಅಂದರೆ ಕಿಣ್ವ ತಯಾರಿಸುವ ಜೀವಕೋಶಗಳದೇ ಗಡ್ಡೆಯಲ್ಲಿ, ಈ ಗಂಟುಗಳು ಏಳುವುದುಂಟು. ಅದರಲ್ಲಿ ಗಂಟುಗಳು ಹಟಮಾರಿ, ಮತ್ತೆ ಮತ್ತೆ ಬರುತ್ತವೆ, ಮೈತುಂಬ ಹರಡುತ್ತವೆ, ಕೀಲುಗಳೂ ಊದುತ್ತವೆ, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ಕಣಗಳು ಏರುತ್ತವೆ. ಆದ್ದರಿಂದ ಸ್ಕ್ಯಾನ್ ಮಾಡದೆ ಯಾರೂ ಬಿಡುವುದಿಲ್ಲ, ಬಿಡಬಾರದು. ಆದರೆ ನಿನ್ನ ಅಣ್ಣನ ಮುಂದೆ ಕಣ್ಣಿಗೆ ಹೊಡೆದು ಕಾಣುವ ಕಾರಣವೊಂದು ನಿಂತಿದೆ, ಅದನ್ನು ನಿಲ್ಲಿಸಿಯೂ ಆಗಿದೆ. ಲೈಪೇಸ್ ಇಳಿಯುತ್ತದೋ ಇಲ್ಲವೋ ನೋಡೋಣ. ಮೊಬೈಲ್ ಬದಿಗಿಡು, ಏನಾದರೂ ತಿಂದೆಯಾ?

ಎರಡನೇ ಜನ್ಮ, ಮಂಗಳವಾರ ರಾತ್ರಿ 10:02

ತಂಗೀ, ನಮ್ಮ ಮನೆಯಿಂದ ದವಾಖಾನೆಗೆ ಹತ್ತು ನಿಮಿಷದ ದಾರಿ. ನಾಳೆ ಬೆಳಿಗ್ಗೆ ನಿಮ್ಮ ವಹಿನಿ, ಅಂದರೆ ನನ್ನ ಹೆಂಡತಿ, ರೊಟ್ಟಿ, ಪಲ್ಯ ಕಟ್ಟಿ ಕೊಡುತ್ತಾಳೆ. ಅಣ್ಣನಿಗೆ ಬೇಡ, ಅವನಿಗೆ ದವಾಖಾನೆಯವರು ಹೇಳಿದ್ದೇ ಊಟ. ನಿಮಗೆ. ವಾರ್ಡಿನ ಸಂಖ್ಯೆಯನ್ನು ಖಾಸಗಿ ಸಂದೇಶದಲ್ಲಿ ಹಾಕಿ.

ಇಂಡಿ ಲಿಂಬೆ (ಇಂಡಿ), ಬುಧವಾರ ಬೆಳಿಗ್ಗೆ 11:30

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಅಕ್ಕನ ಮಗನಿಗೆ ಚಿಕ್ಕಂದಿನಿಂದ ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ. ಈಗ ಕಿಡ್ನಿಯೂ ಹೋಗಿದೆ. ಕಿಡ್ನಿಯ ಜೊತೆಗೆ ಮೇದೋಜೀರಕವನ್ನೂ ಕಸಿ ಮಾಡುತ್ತಾರೆ ಎಂದು ಯಾರೋ ಹೇಳಿದರು. ಅಂಥವರಿಗೂ ಈ ಗಂಟು ಬರುತ್ತದೆಯೇ?

ಗುಮ್ಮಟದ ನೆರಳು, ಬುಧವಾರ ಮಧ್ಯಾಹ್ನ 2:15

ಮಾಡುತ್ತಾರೆ. ಮೊದಲ ಸಲ ಮಾಡಿದ್ದು 1966ರ ಡಿಸೆಂಬರ್ 17ರಂದು, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಕೆಲ್ಲಿ ಮತ್ತು ಲಿಲೆಹೈ ಎಂಬ ಶಸ್ತ್ರವೈದ್ಯರು ಕಿಡ್ನಿ, ಮೇದೋಜೀರಕ ಎರಡನ್ನೂ ಒಟ್ಟಿಗೆ ಹಾಕಿದರು. ನಮ್ಮ ದೇಶದಲ್ಲಿ ಕಿಡ್ನಿಯ ಕಸಿಗೆ ಹೋಲಿಸಿದರೆ ಇದು ಬಹಳ ಅಪರೂಪ. ಸಾಮಾನ್ಯವಾಗಿ ಮೆದುಳು ನಿಷ್ಕ್ರಿಯಗೊಂಡ ದಾನಿಯಿಂದಲೇ ಈ ಅಂಗ ಬರಬೇಕು. ನಮ್ಮ ರಾಜ್ಯದಲ್ಲಿ ಆ ಹೆಸರುಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಕಿಡ್ನಿ ವೈದ್ಯರ ಮೂಲಕ ವಿಚಾರಿಸಿ.

ಗಂಟಿನ ಪ್ರಶ್ನೆಗೆ ಬರುತ್ತೇನೆ. ರೋಗಿಯ ಹಳೆಯ ಗ್ರಂಥಿಯನ್ನು ತೆಗೆಯುವುದಿಲ್ಲ, ಹೊಸದನ್ನು ಕಿಬ್ಬೊಟ್ಟೆಯಲ್ಲಿ, ಹೆಚ್ಚಾಗಿ ಬಲಬದಿಗೆ ಕೂರಿಸುತ್ತಾರೆ. ಹುಟ್ಟಿನಿಂದ ಬಂದ ಗ್ರಂಥಿಯ ರಕ್ತ ಮೊದಲು ಯಕೃತ್ತಿಗೆ ಹೋಗಿ ಅಲ್ಲಿಂದ ಮುಂದೆ ಹರಿಯುತ್ತದೆ. ಕಸಿಯ ಗ್ರಂಥಿಯ ರಕ್ತನಾಳವನ್ನು ಬಹಳ ಕಡೆ ನೇರವಾಗಿ ಕಿಬ್ಬೊಟ್ಟೆಯ ದೊಡ್ಡ ಅಭಿಧಮನಿಗೆ ಜೋಡಿಸಿರುತ್ತಾರೆ. ದೇಹ ಅದನ್ನು ತಿರಸ್ಕರಿಸತೊಡಗಿದಾಗ ಅಥವಾ ಅದಕ್ಕೆ ಉರಿಯೂತ ಬಂದಾಗ ಕಿಣ್ವಗಳು ಯಕೃತ್ತನ್ನು ಹಾಯದೆ ನೇರವಾಗಿ ಮೈಯ ರಕ್ತಕ್ಕೆ ಇಳಿಯುತ್ತವೆ. ಅಂಥವರ ಕಾಲಿನಲ್ಲಿ ಹೀಗೆ ಗಂಟೆದ್ದು, ಅದರಿಂದಲೇ ಕಸಿಯ ಗ್ರಂಥಿಯ ತೊಂದರೆ ಪತ್ತೆಯಾದ ಪ್ರಸಂಗಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಬೆರಳೆಣಿಕೆಯಷ್ಟೇ, ಆದರೆ ಇವೆ.

ನವನಗರದ ಗಾಜುಪಟ್ಟಿ (ಬಾಗಲಕೋಟೆ), ಬುಧವಾರ ರಾತ್ರಿ 9:00

ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಎಲ್ಲರೂ ಹೊರಗಿನಿಂದ ಹೇಳಿದರು, ಒಳಗಿನ ನೋಟ ನನ್ನಿಂದ.

ಆರೋಗ್ಯವಂತ ಕೊಬ್ಬು ಸೂಕ್ಷ್ಮದರ್ಶಕದಲ್ಲಿ ಜೇನುಗೂಡಿನ ಹಾಗೆ ಕಾಣುತ್ತದೆ. ತೆಳ್ಳನೆಯ ಗೋಡೆ, ಒಳಗೆ ಖಾಲಿ, ಗೋಡೆಯ ಒಂದು ಮೂಲೆಗೆ ಒತ್ತಿಕೊಂಡ ಕೋಶಕೇಂದ್ರ. ಈ ರೋಗದಲ್ಲಿ ಗೂಡು ಹಾಗೆಯೇ ನಿಂತಿರುತ್ತದೆ, ಆದರೆ ಕೋಶಕೇಂದ್ರ ಮಾಯವಾಗಿರುತ್ತದೆ, ಗೋಡೆ ದಪ್ಪಗಾಗಿ ಮಸುಕಾಗಿರುತ್ತದೆ. ಮನೆ ಇದೆ, ಮನೆಯವರಿಲ್ಲ. ನಮ್ಮ ಪಠ್ಯದಲ್ಲಿ ಇವಕ್ಕೆ ದೆವ್ವದ ಕೋಶ ಎಂಬ ಅರ್ಥದ ಹೆಸರೇ ಇದೆ. ರಸಾಯನ ಸರ್ ಹೇಳಿದ ಸಾಬೂನು ಅದರ ನಡುವೆ ನೀಲಿ ಧೂಳಿನ ಹಾಗೆ ಚೆಲ್ಲಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ನಾನು ಮೊದಲ ಸಲ ನೋಡಿದಾಗ ಬಣ್ಣ ಹಾಕುವಾಗ ಏನೋ ಎಡವಟ್ಟಾಗಿದೆ ಎಂದು ಗಾಜುಪಟ್ಟಿಯನ್ನು ವಾಪಸ್ಸು ಕೊಟ್ಟಿದ್ದೆ. ಮೇಡಂ ಕರೆದು ಕೂರಿಸಿ ತೋರಿಸಿದರು.

ಕೃಷ್ಣೆಯ ದಡ, ಶನಿವಾರ ಸಂಜೆ 5:40

ವರದಿ ಬಂತು. ನವನಗರದ ತಮ್ಮ ಬರೆದದ್ದೇ ಅದರಲ್ಲಿದೆ: ಕೋಶಕೇಂದ್ರವಿಲ್ಲದ ಕೊಬ್ಬಿನ ಕೋಶಗಳು, ಕ್ಯಾಲ್ಸಿಯಂ ನಿಕ್ಷೇಪ. ಬ್ಯಾಕ್ಟೀರಿಯಾ ಬೆಳೆದಿಲ್ಲ. ಶಿಲೀಂಧ್ರಕ್ಕೆ ನಾಲ್ಕು ವಾರ, ಕ್ಷಯಕ್ಕೆ ಎಂಟು ವಾರದವರೆಗೂ ಕಾಯಬೇಕು ಎಂದಿದ್ದಾರೆ.

ಸ್ಕ್ಯಾನ್‌ನಲ್ಲಿ ಗ್ರಂಥಿ ಊದಿದೆ, ಗಡ್ಡೆ ಇಲ್ಲ. ಗಡ್ಡೆ ಇಲ್ಲ ಎಂಬ ಆ ಸಾಲನ್ನು ಮೂರು ಸಲ ಓದಿದೆ. ಲೈಪೇಸ್ ಐದು ದಿನಗಳಲ್ಲಿ 1,840ರಿಂದ 610ಕ್ಕೆ ಇಳಿದಿದೆ. ಕ್ರಿಯಾಟಿನಿನ್ 1.4. ಅಜಾಥಿಯೋಪ್ರಿನ್ ಬದಲು ಮೈಕೋಫೆನೊಲೇಟ್‌ನದೇ ಇನ್ನೊಂದು ಬಗೆಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದ್ದಾರೆ. ಕಡತದ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ "ಅಜಾಥಿಯೋಪ್ರಿನ್ ಕೊಡಬಾರದು" ಎಂದು ಬರೆದಿದ್ದಾರೆ. ಗಂಟುಗಳಿಗೆಂದು ಬೇರೆ ಔಷಧಿ ಇಲ್ಲವಂತೆ. ಗ್ರಂಥಿ ತಣ್ಣಗಾದರೆ ಅವೂ ಇಳಿಯುತ್ತವೆ, ಅಲ್ಲಿಯವರೆಗೆ ಕಾಲು ಎತ್ತರಕ್ಕಿಟ್ಟು ಪಟ್ಟಿ ಸುತ್ತಬೇಕು, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ.

ವಹಿನಿಯ ರೊಟ್ಟಿ ನಾಲ್ಕು ದಿನ ತಿಂದೆ. ಡಬ್ಬಿ ತೊಳೆದು ಇಟ್ಟಿದ್ದೇನೆ.

ಅಂಗಡಿಯ ಗಲ್ಲೆಯಿಂದ, ಶನಿವಾರ ಸಂಜೆ 6:15

ಆ ಕೆಂಪು ಶಾಯಿಯ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅಣ್ಣ, ಅಣ್ಣನ ಹೆಂಡತಿ, ನೀವು ಮೂವರೂ ಇಟ್ಟುಕೊಳ್ಳಿ. ಕಡತ ಮನೆಯಲ್ಲಿರುತ್ತದೆ, ಜ್ವರ ದಾರಿಯಲ್ಲಿ ಬರುತ್ತದೆ. ನಮ್ಮ ಅಂಗಡಿಯ ಗಲ್ಲೆಯ ಮೇಲೆ ಇವತ್ತು ಒಂದು ರಟ್ಟು ತೂಗುಹಾಕಿದ್ದೇನೆ: "ಕಸಿ ಆಗಿದೆಯೇ? ಮೊದಲು ಹೇಳಿ." ಬೆಳಿಗ್ಗೆಯಿಂದ ಇಬ್ಬರು ರೈತರು ಮಾವಿನ ಕಸಿಯ ಬಗ್ಗೆ ವಿಚಾರಿಸಿ ಹೋದರು.

ಕೃಷ್ಣೆಯ ದಡ, ಏಳು ವಾರಗಳ ನಂತರ, ಭಾನುವಾರ ಬೆಳಿಗ್ಗೆ 10:20

ಎಳೆ ಹಳತಾಯಿತು, ಆದರೂ ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಅರ್ಧಕ್ಕೆ ನಿಂತಿರಬಾರದು ಎಂದು ಬರೆಯುತ್ತಿದ್ದೇನೆ. ಲೈಪೇಸ್ 52. ಕ್ರಿಯಾಟಿನಿನ್ 1.3. ಶಿಲೀಂಧ್ರ ಬೆಳೆಯಲಿಲ್ಲ. ಕ್ಷಯದ ಕಲ್ಚರ್‌ಗೆ ಇನ್ನೂ ಒಂದು ವಾರ ಇದೆ, ಈವರೆಗೆ ಏನೂ ಇಲ್ಲ. ಹೊಸ ಗಂಟು ಎದ್ದಿಲ್ಲ. ಹಳೆಯವು ಇಳಿದ ಜಾಗದಲ್ಲಿ ಚರ್ಮ ಒಳಗೆ ತಗ್ಗಿ ಕಂದು ಗುಳಿ ಬಿದ್ದಿದೆ, ಒತ್ತಿದರೆ ಕೆಳಗೆ ಮೆತ್ತನೆಯ ಕೊಬ್ಬು ಸಿಗುವುದಿಲ್ಲ. ಡಾಕ್ಟರ್ ಮೇಡಂ, ಅದು ಹಾಗೆಯೇ ಉಳಿಯುತ್ತದೆಯೇ?

ಗುಮ್ಮಟದ ನೆರಳು, ಭಾನುವಾರ ಬೆಳಿಗ್ಗೆ 11:00

ಬಣ್ಣ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಗುಳಿ ಸ್ವಲ್ಪ ಉಳಿಯಬಹುದು, ಅಲ್ಲಿನ ಕೊಬ್ಬು ಹೋಗಿಯೇ ಹೋಗಿದೆ. ಪಟ್ಟಿ ಸುತ್ತುವುದನ್ನು ಇನ್ನೊಂದಿಷ್ಟು ದಿನ ಬಿಡಬೇಡಿ.

ಕೃಷ್ಣೆಯ ದಡ, ಭಾನುವಾರ ಬೆಳಿಗ್ಗೆ 11:25

ಸುತ್ತುತ್ತಾನೆ ಮೇಡಂ, ದಿನವೂ ಬೈದುಕೊಂಡು. ಮೊದಲ ದಿನ ಆ ಕ್ರೇಪ್ ಪಟ್ಟಿಯನ್ನು ಬೆಳಕಿಗೆ ಹಿಡಿದು ಹಾಸು ಹೊಕ್ಕು ಎಣಿಸಿದ. "ಇದಕ್ಕೆ ಇಷ್ಟು ದುಡ್ಡೇ? ಅಂಚು ನೋಡು, ಎಳೆ ಬಿಟ್ಟಿದ್ದಾರೆ" ಎಂದು ಅವ್ವನಿಗೆ ತೋರಿಸುತ್ತಿದ್ದ.

ಅವ್ವ ಪಟ್ಟಿ ನೋಡಲಿಲ್ಲ. ಅವನ ಕಾಲಿನ ಗುಳಿಗಳನ್ನು ಎಣಿಸುತ್ತಿದ್ದಳು.